ಕರಾವಳಿಯ ಹಳೆಯ ಶಾಲಾಗೃಹಗಳ ಜೀರ್ಣೋದ್ಧಾರ

ಶಾಲೆಯನ್ನು ನಮ್ಮ ಹಿರಿಯರು ಮಠವೆಂದೂ ಕರೆಯುತ್ತಿದ್ದರು. ಕರಾವಳಿಯ ಐಗಳ ಮಠಗಳಿಗಾದರೋ ಸ್ವಂತ ಕಟ್ಟಡವೆಂಬುದು ಅಪರೂಪ. ಮನೆಯ ಜಗಲಿ, ದೇವಾಲಯದ ಪೌಳಿಗಳೇ ಪಾಠದ ಸ್ಥಳ, ಮರಳೇ ಹಲಗೆ. ಪಾಠಕ್ಕೆಂದೇ ಪ್ರತ್ಯೇಕ ಗೃಹವನ್ನು ಕಟ್ಟುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೂರಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿನಲ್ಲಿಯೂ 1854ರಲ್ಲಿ ಉಡುಪಿಯಲ್ಲಿಯೂ ನೆಲೆಯೂರಿದುದು, 1865ರಲ್ಲಿ ಜೆಪ್ಪುವಿನಲ್ಲಿ ಅವರ ಹಂಚಿನ ಕಾರ್ಖಾನೆ ಆರಂಭವಾದುದು ಈ ದೃಷ್ಟಿಯಿಂದ ಗಮನಾರ್ಹ. ಮತ್ತೆ ಮತ್ತೆ ಹೊದಿಸಬೇಕಾಗಿದ್ದ ಮುಳಿಹುಲ್ಲಿನ ಸ್ಥಾನಕ್ಕೆ ಹಂಚು ಬಂದಿತು.

ಕಾರ್ಕಳದಲ್ಲಿ 1432ರ ಗೊಮ್ಮಟನೂ 1586ರ ಚತುರ್ಮುಖ ಬಸದಿಯೂ ಗಟ್ಟಿಶಿಲೆಯಲ್ಲಿ ನಿಂತಿವೆ. ಅಲ್ಲಿಯೂ ಉಡುಪಿ, ಕಾಪುಗಳಲ್ಲಿಯೂ ಜನಸಾಮಾನ್ಯರ ಕಟ್ಟಡಗಳಿಗೆ ಒದಗಿದ್ದು ಮುರಕಲ್ಲು. ಲ್ಯಾಟಿನ್ನಿನಲ್ಲಿ ಇಟ್ಟಿಗೆಯೆಂಬ ಅರ್ಥವುಳ್ಳ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಅದು ಅವನ 1807ರ ಪ್ರವಾಸಗ್ರಂಥದಲ್ಲಿದೆ. ನೆಲದಲ್ಲಿ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲು ಮಳೆಗಾಲದಲ್ಲಿ ನೀರನ್ನು ಹೀರಿ ಬಿಸಿಲಿನಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡಿಯಾಗದು. ಸಿಮೆಂಟನ್ನು ಬಳಿದರೋ ನೀರು ಒಳಗೇ ನಿಂತು ಗೋಡೆ ಪದರಪದರವಾಗಿ ಉದುರುತ್ತದೆ. ಅಂಥ ಒದ್ದೆಗೋಡೆಯಲ್ಲಿ ಗಣಕಯಂತ್ರಗಳಿಗೆಂದು ವಿದ್ಯುತ್ತಂತಿ ಹಾಯಿಸುವುದು ಎಷ್ಟು ಕ್ಷೇಮ? ಕೊಠಡಿ ವಿಶಾಲವಾಗಲೆಂದು ಅಡ್ಡಗೋಡೆಯನ್ನು ಕೆಡಹಿದರೆ ಮಾಡಿನ ಭಾರಕ್ಕೆ ಆಧಾರ ತಪ್ಪುತ್ತದೆ. ಇಳಿಮಾಡನ್ನು ಕತ್ತರಿಸಿದರೆ ಇರಚಲು ನೇರವಾಗಿ ಗೋಡೆಗೆ ಬಡಿಯುತ್ತದೆ. ಇವೆರಡೂ ನವೀಕರಣದ ಹೆಸರಿನಲ್ಲಿಯೇ ನಡೆಯುತ್ತವೆ.

ಹೊಸ ಪ್ರಯೋಗಾಲಯವನ್ನು ಹಿಂಬದಿಯಲ್ಲಿ ಸ್ವತಂತ್ರ ತಳಪಾಯದ ಮೇಲೆ ಕಟ್ಟಿ, ನಡುವೆ ಹಂಚು ಹೊದಿಸಿದ ಹಾದಿಯೊಂದನ್ನು ಬಿಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಹಳೆಗೋಡೆಗೆ ಹೊಸಗೋಡೆಯನ್ನು ಬೆಸೆದರೆ ನೆಲ ಕುಸಿಯುವ ಪ್ರಮಾಣ ಎರಡಕ್ಕೂ ಬೇರೆಯಾಗಿ, ಬೆಸುಗೆಯಲ್ಲಿ ಬಿರುಕು ಮೂಡುತ್ತದೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು (ನಿಧನ 2017) ಅಳಿಯಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದುದು ಸ್ತುತ್ಯವಾದ ಕಾರ್ಯ. ಆದರೆ ಶಾಲೆಗೆ ಆ ಮಾರ್ಗ ಒಗ್ಗದು. ಮಕ್ಕಳು ಬಾರದ ಶಾಲೆ ಬರಿಯ ಪ್ರದರ್ಶನವಸ್ತು.

ಮಾಡನ್ನು ಇಳಿಸುವಾಗ ಹಂಚುಗಳ ಮೇಲಣ ಮುದ್ರೆಗಳನ್ನು ಬರೆದಿಟ್ಟುಕೊಳ್ಳುವುದು ಅವಶ್ಯ. ಮೊದಲನೆಯ ಮಹಾಯುದ್ಧದ ತರುವಾಯ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುದರಿಂದ, ಮುದ್ರೆಯ ಹೆಸರಿನಿಂದಲೇ ಹಂಚಿನ ಕಾಲವನ್ನು ಸ್ಥೂಲವಾಗಿ ಊಹಿಸಬಹುದು. 1865 ಎಂದಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ. ಅದನ್ನೇ ಶಾಲೆಯ ಜನ್ಮವರ್ಷವೆಂದು ಸ್ಮರಣಸಂಚಿಕೆಯಲ್ಲಿ ಅಚ್ಚು ಹಾಕಿಸುವ ಮುನ್ನ ಶಾಲೆಯ ದಾಖಲಾತಿ ಪುಸ್ತಕವನ್ನು ತೆರೆದು ನೋಡುವುದು ಲೇಸು.