ಬಂದೂಕು ಕಾನೂನು ಮತ್ತು ಅಮೆರಿಕದ ಯುವಜನರು: ಮತವಿಲ್ಲದವರ ಮಾತು

2025ರ ಆಗಸ್ಟ್ 27ರಂದು ಅಮೆರಿಕದ ಮಿನಿಯಾಪೊಲಿಸ್ ನಗರದ ಅನನ್ಸಿಯೇಷನ್ ಚರ್ಚಿನಲ್ಲಿ ಶಾಲಾ ಮಕ್ಕಳ ಬಲಿಪೂಜೆ ನಡೆಯುತ್ತಿತ್ತು. ಹೊಸ ಶಾಲಾ ವರ್ಷದ ಮೊದಲ ವಾರವದು. ಹೊರಗಿನಿಂದ ಕಿಟಕಿಗಳ ಮೂಲಕ ಹಾರಿಸಿದ ಗುಂಡುಗಳಿಗೆ 8 ಮತ್ತು 10 ವರ್ಷದ ಇಬ್ಬರು ಮಕ್ಕಳು ಬಲಿಯಾದರು, ಅನೇಕರು ಗಾಯಗೊಂಡರು. ದೊಡ್ಡ ತರಗತಿಯ ಮಕ್ಕಳು ಚಿಕ್ಕವರನ್ನು ತಮ್ಮ ಮೈಯಿಂದ ಮರೆಮಾಡಿ ಕಾಪಾಡಿದರೆಂದು ವರದಿಯಾಯಿತು. ಕೆಲವು ದಿನಗಳ ಬಳಿಕ ಪೋಪ್ ಹದಿನಾಲ್ಕನೇ ಲಿಯೋ ಅವರು ಈ ಮಕ್ಕಳಿಗಾಗಿ ಪ್ರಾರ್ಥಿಸಿ, ಶಸ್ತ್ರಾಸ್ತ್ರಗಳನ್ನು ಜಗತ್ತಿಗೆ ಅಂಟಿದ ಸಾಂಕ್ರಾಮಿಕಕ್ಕೆ ಹೋಲಿಸಿದರು.

ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಇಂದು ಅಮೆರಿಕದ ಶಾಲೆಗಳಲ್ಲಿ ಕಲಿಯುತ್ತಿದ್ದಾರೆ. ಬೆಂಕಿ ಅವಘಡದ ಅಣಕು ಅಭ್ಯಾಸದಂತೆ, ಬಂದೂಕುಧಾರಿ ಬಂದರೆ ತರಗತಿಯಲ್ಲಿ ಸದ್ದಿಲ್ಲದೆ ಅಡಗುವ ಅಭ್ಯಾಸವನ್ನೂ ಅಲ್ಲಿನ ಮಕ್ಕಳಿಗೆ ಮಾಡಿಸಲಾಗುತ್ತದೆ. ಮತದಾನದ ವಯಸ್ಸು ತುಂಬದ ಈ ಮಕ್ಕಳು ಬಂದೂಕು ಕಾನೂನಿನ ಚರ್ಚೆಯಲ್ಲಿ ಏನು ಹೇಳಿದರು? ಅವರ ಮಾತಿಗೆ ಎಷ್ಟು ಬೆಲೆ ಸಿಕ್ಕಿತು? ನಮ್ಮ ಯುವ ಸಂಘಟನೆಗಳು, ಶಿಕ್ಷಕರು ಹಾಗೂ ಚರ್ಚ್ ಕಾರ್ಯಕರ್ತರ ಉಪಯೋಗಕ್ಕಾಗಿ ಅದರ ಮಾಹಿತಿಯನ್ನು ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ಹಿನ್ನೆಲೆ

ನಮ್ಮಲ್ಲಿ ಬಂದೂಕು ಹೊಂದುವುದು ಹಕ್ಕಲ್ಲ, ಸರಕಾರ ಕೊಡುವ ಅನುಮತಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಿಗೆ ಬೇಕು, ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಬಳಿಕ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಚುನಾವಣೆ ಬಂದಾಗ ಬೆಳೆ ರಕ್ಷಣೆಯ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುವ ಪದ್ಧತಿ ನಮ್ಮ ಕೃಷಿಕರಿಗೆ ಹೊಸತಲ್ಲ.

ಅಮೆರಿಕದಲ್ಲಿ ಹಾಗಲ್ಲ. 1791ರಲ್ಲಿ ಜಾರಿಗೆ ಬಂದ ಅಲ್ಲಿನ ಸಂವಿಧಾನದ ಎರಡನೇ ತಿದ್ದುಪಡಿ ಶಸ್ತ್ರ ಹೊಂದುವುದನ್ನು ಪ್ರಜೆಗಳ ಹಕ್ಕೆಂದು ಸಾರುತ್ತದೆ. ಇದು ವ್ಯಕ್ತಿಗತ ಹಕ್ಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿತು. 2022ರ ಇನ್ನೊಂದು ತೀರ್ಪು ಈ ಹಕ್ಕನ್ನು ಮತ್ತಷ್ಟು ಬಲಪಡಿಸಿತು. ಆದ್ದರಿಂದ ಅಲ್ಲಿ ಯಾವುದೇ ನಿರ್ಬಂಧ ತಂದರೂ ಅದು ನ್ಯಾಯಾಲಯದ ಪರೀಕ್ಷೆಯಲ್ಲಿ ನಿಲ್ಲಬೇಕು.

1999ರ ಏಪ್ರಿಲ್ 20ರಂದು ಕೊಲಂಬೈನ್ ಪ್ರೌಢಶಾಲೆಯಲ್ಲಿ ನಡೆದ ದಾಳಿ ಇಡೀ ದೇಶವನ್ನು ನಡುಗಿಸಿತು. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳೂ 6 ಮಂದಿ ಸಿಬ್ಬಂದಿಯೂ ಹತರಾದರು. ಆಗ ಮಾತನಾಡಿದವರು ಹೆಚ್ಚಾಗಿ ಹೆತ್ತವರು ಮತ್ತು ರಾಜಕಾರಣಿಗಳು. 2020ರಲ್ಲಿ ಪರಿಸ್ಥಿತಿ ಎಲ್ಲಿಗೆ ಮುಟ್ಟಿತೆಂದರೆ, 1ರಿಂದ 19 ವರ್ಷದವರ ಸಾವಿಗೆ ವಾಹನ ಅಪಘಾತವನ್ನೂ ಮೀರಿ ಬಂದೂಕೇ ಮೊದಲ ಕಾರಣವಾಯಿತು.

ಪಾರ್ಕ್‌ಲ್ಯಾಂಡ್: 23 ದಿನಗಳು

2018ರ ಫೆಬ್ರವರಿ 14ರಂದು ಫ್ಲೋರಿಡಾ ರಾಜ್ಯದ ಪಾರ್ಕ್‌ಲ್ಯಾಂಡಿನ ಮಾರ್ಜರಿ ಸ್ಟೋನ್‌ಮನ್ ಡಗ್ಲಸ್ ಪ್ರೌಢಶಾಲೆಯಲ್ಲಿ 17 ಮಂದಿ ಹತರಾದರು. ಹಂತಕನಿಗೆ 19 ವರ್ಷ. ಬಂದೂಕನ್ನು ಆತ ಕಾನೂನುಬದ್ಧವಾಗಿಯೇ ಖರೀದಿಸಿದ್ದ. ಸಹಪಾಠಿಗಳ ಅಂತ್ಯಕ್ರಿಯೆ ಮುಗಿಯುವ ಮೊದಲೇ ವಿದ್ಯಾರ್ಥಿಗಳು ಮಾತನಾಡತೊಡಗಿದರು. ಸುಮಾರು 100 ಮಂದಿ ಬಸ್ಸು ಹತ್ತಿ 600 ಕಿ.ಮೀ.ಗೂ ದೂರದ ರಾಜಧಾನಿ ಟಲ್ಲಹಾಸಿಗೆ ಹೋದರು.

ಫೆಬ್ರವರಿ 20ರಂದು, ಪಾರ್ಕ್‌ಲ್ಯಾಂಡಿನ ಕೆಲವು ವಿದ್ಯಾರ್ಥಿಗಳು ಗ್ಯಾಲರಿಯಲ್ಲಿ ಕುಳಿತು ನೋಡುತ್ತಿದ್ದಂತೆಯೇ, ಸೇನಾ ಮಾದರಿಯ ಬಂದೂಕು ನಿಷೇಧವನ್ನು ಚರ್ಚೆಗೆ ಎತ್ತಿಕೊಳ್ಳುವ ಸೂಚನೆಯನ್ನು ಕೆಳಮನೆ 71-36 ಮತಗಳಿಂದ ತಿರಸ್ಕರಿಸಿತು. ಕೆಲವರು ಅಲ್ಲೇ ಅತ್ತರು. ಆದರೆ ಒತ್ತಾಯವನ್ನು ಬಿಡಲಿಲ್ಲ. ಶಾಸಕರ ಕೋಣೆಗಳಿಗೆ ಹೋಗಿ ನಿರ್ದಿಷ್ಟ ಪ್ರಶ್ನೆ ಕೇಳಿದರು: ಬಿಯರ್ ಕೊಳ್ಳಲು 21 ವರ್ಷ ಆಗಬೇಕಾದರೆ ಇಂಥ ಬಂದೂಕು ಕೊಳ್ಳಲು 18 ಸಾಕೇ?

ಮಾರ್ಚ್ 9ರಂದು, ದುರಂತ ನಡೆದ 23ನೇ ದಿನ, ರಾಜ್ಯಪಾಲ ರಿಕ್ ಸ್ಕಾಟ್ ಶಾಲೆಯ ಹೆಸರನ್ನೇ ಹೊತ್ತ ಹೊಸ ಕಾನೂನಿಗೆ ಸಹಿ ಹಾಕಿದರು. (ಅಲ್ಲಿ ರಾಜ್ಯಪಾಲರೆಂದರೆ ಜನರೇ ಆರಿಸಿದ, ನಮ್ಮ ಮುಖ್ಯಮಂತ್ರಿಯಂಥ ಆಡಳಿತಗಾರ.) ಅದರ ಮುಖ್ಯ ಅಂಶಗಳು:

* ಯಾವುದೇ ಬಂದೂಕು ಖರೀದಿಗೆ ಕನಿಷ್ಠ ವಯಸ್ಸು 21.
* ಖರೀದಿಗೆ ಸಾಮಾನ್ಯವಾಗಿ ಮೂರು ದಿನಗಳ ಕಾಯುವಿಕೆ.
* ತನಗೋ ಇತರರಿಗೋ ಅಪಾಯಕಾರಿ ಎನಿಸಿದ ವ್ಯಕ್ತಿಯಿಂದ ನ್ಯಾಯಾಲಯದ ಆದೇಶದ ಮೇರೆಗೆ ಬಂದೂಕನ್ನು ತಾತ್ಕಾಲಿಕವಾಗಿ ಹಿಂಪಡೆಯುವ 'ರೆಡ್ ಫ್ಲ್ಯಾಗ್' ವ್ಯವಸ್ಥೆ.
* ಶಾಲೆಗಳಲ್ಲಿ ಮಾನಸಿಕ ಆರೋಗ್ಯ ಸೇವೆಗೆ ಹಾಗೂ ಭದ್ರತೆಗೆ ಅನುದಾನ.

ಕೇಳಿದ್ದೆಲ್ಲ ಸಿಗಲಿಲ್ಲ. ಸೇನಾ ಮಾದರಿಯ ಬಂದೂಕುಗಳಿಗೆ ನಿಷೇಧ ಬರಲಿಲ್ಲ. ಅನೇಕ ವಿದ್ಯಾರ್ಥಿಗಳು ವಿರೋಧಿಸಿದ್ದ, ಶಾಲಾ ಸಿಬ್ಬಂದಿಗೆ ಬಂದೂಕು ಕೊಡುವ ಯೋಜನೆ ಅದೇ ಕಾನೂನಿನಲ್ಲಿ ಸೇರಿತು. ಆದರೂ ಬಂದೂಕು ಪರವಾದ ರಾಜ್ಯವೆಂದೇ ಹೆಸರಾದ ಫ್ಲೋರಿಡಾದಲ್ಲಿ ಇದು ಸಣ್ಣ ಬದಲಾವಣೆಯಲ್ಲ. ರಾಷ್ಟ್ರೀಯ ರೈಫಲ್ ಸಂಸ್ಥೆ ಅದೇ ದಿನ ದಾವೆ ಹೂಡಿತು. 2025ರ ಮಾರ್ಚ್‌ನಲ್ಲಿ ಒಕ್ಕೂಟದ ಮೇಲ್ಮನವಿ ನ್ಯಾಯಾಲಯ 21 ವರ್ಷದ ನಿಯಮವನ್ನು ಎತ್ತಿಹಿಡಿಯಿತು. ಪಾರ್ಕ್‌ಲ್ಯಾಂಡ್ ದುರಂತಕ್ಕೆ ಮೊದಲು 5 ರಾಜ್ಯಗಳಲ್ಲಿ ಮಾತ್ರ ಇದ್ದ ರೆಡ್ ಫ್ಲ್ಯಾಗ್ ಕಾನೂನು ಈಗ 20ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ.

ಮೌನದ ಮಾತು

ಮಾರ್ಚ್ 14ರಂದು ದೇಶದಾದ್ಯಂತ ವಿದ್ಯಾರ್ಥಿಗಳು 17 ಮಂದಿಯ ನೆನಪಿಗೆ 17 ನಿಮಿಷ ತರಗತಿಯಿಂದ ಹೊರಬಂದರು. ವರ್ಜೀನಿಯಾದ ಒಂದು ಪ್ರಾಥಮಿಕ ಶಾಲೆಯ ಮಕ್ಕಳು ಹೊರಗಿದ್ದುದು 18 ನಿಮಿಷ. ಆ ಒಂದು ಹೆಚ್ಚಿನ ನಿಮಿಷ, ಪಾರ್ಕ್‌ಲ್ಯಾಂಡ್ ಬಳಿಕ ಅಲಬಾಮಾದ ಶಾಲೆಯಲ್ಲಿ ಗುಂಡಿಗೆ ಬಲಿಯಾದ, ಹೆಚ್ಚು ಸುದ್ದಿಯಾಗದ ಕಪ್ಪು ವರ್ಣದ ವಿದ್ಯಾರ್ಥಿನಿಗಾಗಿ. ಅದನ್ನು ಸಂಘಟಿಸಿದ 11 ವರ್ಷದ ಬಾಲಕಿ ಮಾರ್ಚ್ 24ರಂದು ವಾಷಿಂಗ್ಟನ್‌ನ 'ಮಾರ್ಚ್ ಫಾರ್ ಅವರ್ ಲೈವ್ಸ್' ಜಾಥಾದ ವೇದಿಕೆಯಲ್ಲೂ, ಪತ್ರಿಕೆಗಳ ಮುಖಪುಟಕ್ಕೆ ಬಾರದೆ ಹೋದ ಇಂಥ ಹೆಣ್ಣುಮಕ್ಕಳ ಬಗ್ಗೆ ಮಾತನಾಡಿದಳು.

ಅದೇ ವೇದಿಕೆಯಲ್ಲಿ ಪಾರ್ಕ್‌ಲ್ಯಾಂಡಿನ ವಿದ್ಯಾರ್ಥಿನಿ ಎಮ್ಮಾ ಗೊನ್ಸಾಲೆಸ್ ಮಡಿದವರ ಹೆಸರುಗಳನ್ನು ಹೇಳಿ ದೀರ್ಘ ಮೌನ ತಾಳಿದರು. ಗುಂಡಿನ ದಾಳಿ ನಡೆದದ್ದು 6 ನಿಮಿಷ 20 ಸೆಕೆಂಡು. ಅಷ್ಟು ಹೊತ್ತು ಎಷ್ಟು ದೀರ್ಘವೆಂಬುದು ನೆರೆದ ಲಕ್ಷಾಂತರ ಜನರಿಗೆ ಆಗ ಅರ್ಥವಾಯಿತು.

ಜೂನ್ 15ರಂದು ಪಾರ್ಕ್‌ಲ್ಯಾಂಡಿನ ವಿದ್ಯಾರ್ಥಿಗಳು ಷಿಕಾಗೋದ ಸೈಂಟ್ ಸಬೀನಾ ಕಥೋಲಿಕ ಚರ್ಚಿನ ಶಾಂತಿ ಜಾಥಾದಲ್ಲಿ ಪಾಲ್ಗೊಂಡರು. ಬೀದಿಯ ಗುಂಡಿಗೆ ಒಡಹುಟ್ಟಿದವರನ್ನು ಕಳೆದುಕೊಂಡ ಬಡಾವಣೆಗಳ ಯುವಜನರು ಅಲ್ಲಿ ಅವರ ಜೊತೆ ನಡೆದರು. ಶಾಲಾ ದಾಳಿಗಳಷ್ಟು ಸುದ್ದಿಯಾಗದ ಈ ದಿನನಿತ್ಯದ ಸಾವುಗಳೂ ಚರ್ಚೆಯೊಳಗೆ ಬರುವಂತಾಗಲು ಒಂದು ಧರ್ಮಕೇಂದ್ರವೂ ನೆರವಾಯಿತು.

ಎಲ್ಲರ ಅಭಿಪ್ರಾಯ ಒಂದೇ ಅಲ್ಲ

ಯುವಜನರೆಲ್ಲರೂ ನಿಯಂತ್ರಣದ ಪರ ಎಂದು ಭಾವಿಸಿದರೆ ತಪ್ಪಾದೀತು. 2018ರ ಮೇ 2ರಂದು ಹಲವು ಶಾಲೆಗಳ ವಿದ್ಯಾರ್ಥಿಗಳು ಎರಡನೇ ತಿದ್ದುಪಡಿಯನ್ನು ಬೆಂಬಲಿಸಿ ತರಗತಿಯಿಂದ ಹೊರಬಂದರು. ಬೇಟೆಯ ಸಂಪ್ರದಾಯವಿರುವ, ಪೊಲೀಸ್ ಠಾಣೆ ದೂರವಿರುವ ಹಳ್ಳಿಗಳ ಮಕ್ಕಳಿಗೆ ಬಂದೂಕು ಮನೆಯ ರಕ್ಷಣೆಯ ಸಾಧನ. ತಪ್ಪು ಮಾಡಿದವನ ಕಾರಣಕ್ಕೆ ತಪ್ಪು ಮಾಡದವರ ಹಕ್ಕು ಏಕೆ ಹೋಗಬೇಕು ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನೂ ಗೌರವದಿಂದ ಕೇಳಬೇಕು.

ಗೆಲುವು, ಸೋಲು

2022ರ ಮೇ 24ರಂದು ಟೆಕ್ಸಾಸ್ ರಾಜ್ಯದ ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಹತರಾದರು. ಬದುಕುಳಿದ 11 ವರ್ಷದ ಬಾಲಕಿಯೊಬ್ಬಳ ಸಾಕ್ಷ್ಯವನ್ನು ಜೂನ್ 8ರಂದು ಅಮೆರಿಕ ಸಂಸತ್ತಿನ ಸಮಿತಿ ವಿಡಿಯೋ ಮೂಲಕ ಆಲಿಸಿತು. ಜೂನ್ 25ರಂದು ಅಧ್ಯಕ್ಷ ಜೋ ಬೈಡನ್ ಎರಡೂ ಪಕ್ಷಗಳ ಸದಸ್ಯರು ಬೆಂಬಲಿಸಿದ ಕಾನೂನಿಗೆ ಸಹಿ ಹಾಕಿದರು. 21 ವರ್ಷದೊಳಗಿನ ಖರೀದಿದಾರರ ಹಿನ್ನೆಲೆಯನ್ನು ಹೆಚ್ಚು ಕೂಲಂಕಷವಾಗಿ ಪರಿಶೀಲಿಸುವ ಈ ಕಾನೂನು, ಸುಮಾರು 30 ವರ್ಷಗಳಲ್ಲಿ ರಾಷ್ಟ್ರಮಟ್ಟದಲ್ಲಿ ಬಂದ ಮೊದಲ ದೊಡ್ಡ ಕ್ರಮ. ಅದೇ ವರ್ಷದ ಚುನಾವಣೆಯಲ್ಲಿ, ಜಾಥಾ ನಡೆಸಿದ ಸಂಘಟನೆಯಲ್ಲಿ ದುಡಿದಿದ್ದ 25 ವರ್ಷದ ಮ್ಯಾಕ್ಸ್‌ವೆಲ್ ಫ್ರಾಸ್ಟ್ ಫ್ಲೋರಿಡಾದಿಂದ ಸಂಸತ್ತಿಗೆ ಆಯ್ಕೆಯಾದರು.

ಟೆನೆಸಿ ರಾಜ್ಯದಲ್ಲಿ ಹೀಗಾಗಲಿಲ್ಲ. 2023ರ ಮಾರ್ಚ್ 27ರಂದು ನ್ಯಾಶ್ವಿಲ್‌ನ ಕವೆನಂಟ್ ಎಂಬ ಕ್ರೈಸ್ತ ಶಾಲೆಯಲ್ಲಿ 3 ಮಕ್ಕಳೂ 3 ವಯಸ್ಕರೂ ಹತರಾದಾಗ ಸಾವಿರಾರು ವಿದ್ಯಾರ್ಥಿಗಳು ಶಾಸನಸಭೆಯ ಮುಂದೆ ಸೇರಿದರು. ಅವರು ಕೇಳಿದ ನಿರ್ಬಂಧಗಳು ಬರಲಿಲ್ಲ. ಬದಲಿಗೆ 2024ರಲ್ಲಿ, ತರಬೇತಿ ಪಡೆದ ಶಿಕ್ಷಕರು ಬಂದೂಕು ತರಬಹುದೆಂಬ ಕಾನೂನು ಬಂತು. ಮಕ್ಕಳ ಕೂಗು ಎಷ್ಟೇ ದೊಡ್ಡದಾದರೂ, ಅದನ್ನು ಕೇಳಿ ತಮ್ಮ ಮತ ಬದಲಿಸುವ ಹಿರಿಯರು ಸದನದೊಳಗೆ ಇಲ್ಲದಿದ್ದರೆ ಅದು ಕಾನೂನಾಗುವುದಿಲ್ಲ. ಫ್ಲೋರಿಡಾದಲ್ಲಿ ಅಂಥವರು ಸಿಕ್ಕಿದರು, ಟೆನೆಸಿಯಲ್ಲಿ ಬೇಕಾದಷ್ಟು ಮಂದಿ ಸಿಗಲಿಲ್ಲ.

ಧರ್ಮಸಭೆಯ ನಿಲುವು

ಧರ್ಮಸಭೆಯ ಬೋಧನೆಯಲ್ಲಿ ಆತ್ಮರಕ್ಷಣೆಗೆ ಸ್ಥಾನವಿದೆ. ಜೀವದ ಪಾವಿತ್ರ್ಯ ಹಾಗೂ ಸರ್ವರ ಹಿತ ಅದಕ್ಕೆ ಮಿತಿ ಹಾಕುತ್ತವೆ. ಅಮೆರಿಕದ ಧರ್ಮಾಧ್ಯಕ್ಷರ ಮಂಡಳಿ ಹಲವು ದಶಕಗಳಿಂದ ಎಲ್ಲ ಖರೀದಿದಾರರ ಹಿನ್ನೆಲೆ ಪರಿಶೀಲನೆಯನ್ನೂ ಸೇನಾ ಮಾದರಿಯ ಬಂದೂಕುಗಳ ನಿಯಂತ್ರಣವನ್ನೂ ಬೆಂಬಲಿಸುತ್ತಾ ಬಂದಿದೆ. ದಿವಂಗತ ಪೋಪ್ ಫ್ರಾನ್ಸಿಸ್ 2015ರ ಸೆಪ್ಟೆಂಬರ್ 24ರಂದು ಅಮೆರಿಕದ ಸಂಸತ್ತಿನಲ್ಲೇ ಶಸ್ತ್ರ ವ್ಯಾಪಾರವನ್ನು ಖಂಡಿಸಿದರು. ವಾಷಿಂಗ್ಟನ್ ಜಾಥಾದ ಮರುದಿನ ಗರಿಗಳ ಭಾನುವಾರ. ಅಂದಿನ ಪ್ರಬೋಧನೆಯಲ್ಲಿ ಅವರು ಜಾಥಾವನ್ನು ಹೆಸರಿಸಲಿಲ್ಲ. ಆದರೆ ಯುವಜನರ ಬಾಯಿ ಮುಚ್ಚಿಸುವ ಪ್ರಯತ್ನ ಎಂದಿನಿಂದಲೂ ಇದೆಯೆಂದು ಹೇಳಿ, ಹಿರಿಯರು ಮೌನವಾಗಿದ್ದರೂ ನೀವು ಸುಮ್ಮನಿರಬೇಡಿ ಎಂಬರ್ಥದ ಕರೆ ಕೊಟ್ಟರು.

ನಮ್ಮ ಧರ್ಮಕೇಂದ್ರಗಳಲ್ಲಿ

ಬಂದೂಕು ನಮ್ಮೂರಿನ ದೊಡ್ಡ ಸಮಸ್ಯೆಯಲ್ಲ. ಆದರೆ ಮಾದಕ ದ್ರವ್ಯ, ಕೋಮು ದ್ವೇಷ, ರಸ್ತೆ ಅಪಘಾತಗಳಿಗೆ ಬಲಿಯಾಗುವವರಲ್ಲಿ ನಮ್ಮ ಯುವಜನರೂ ಇದ್ದಾರೆ. ಅವರ ಅನುಭವ ಚರ್ಚ್ ಪಾಲನಾ ಪರಿಷತ್ತಿಗೆ ತಲಪುತ್ತಿದೆಯೇ? ವೈ.ಸಿ.ಎಸ್., ಐ.ಸಿ.ವೈ.ಎಂ. ಸಭೆಗಳಲ್ಲಿ ಈ ಮೂರು ಪ್ರಶ್ನೆಗಳನ್ನು ಚರ್ಚಿಸಬಹುದು:

1. ನಮ್ಮನ್ನು ಹೆಚ್ಚು ಭಯಪಡಿಸುವ ಸಂಗತಿ ಯಾವುದು, ಅದರ ಬಗ್ಗೆ ಯಾರಲ್ಲಿ, ಏನನ್ನು ಸ್ಪಷ್ಟವಾಗಿ ಕೇಳಬೇಕು?
2. ನಮ್ಮ ನಡುವೆ ಸುದ್ದಿಯಾಗದೆ ಹೋದವರು ಯಾರು, ಅವರಿಗಾಗಿ ಆ ಹದಿನೆಂಟನೇ ನಿಮಿಷವನ್ನು ನಾವು ಕೊಟ್ಟಿದ್ದೇವೆಯೇ?
3. ನಮ್ಮನ್ನು ಒಪ್ಪದವರ ಮಾತನ್ನು ಪೂರ್ತಿ ಕೇಳಿದ್ದೇವೆಯೇ?

ಉತ್ತರಗಳನ್ನು ಬರೆದು ಧರ್ಮಗುರುಗಳಿಗೂ ಪಾಲನಾ ಪರಿಷತ್ತಿಗೂ ಒಪ್ಪಿಸಿ. ಪರಿಷತ್ತಿನ ಮುಂದಿನ ಸಭೆಯಲ್ಲಿ ಅದನ್ನು ಮೊದಲ ವಿಷಯವಾಗಿ ಓದಿಸಬೇಕೆಂದು ಹಿರಿಯರಲ್ಲಿ ವಿನಂತಿಸುತ್ತೇವೆ.