ಹೆಸರಘಟ್ಟದ ಅರ್ಕಾ ತಳಿಗಳು: ಬೀಜದ ಹಕ್ಕು, ಹೆಸರಿನ ಹಕ್ಕು

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ಹೆಸರಘಟ್ಟದಲ್ಲಿ 1890ರ ದಶಕದಲ್ಲಿ ಕಟ್ಟಿದ ಜಲಾಶಯ ಬೆಂಗಳೂರಿಗೆ ಕೊಳಾಯಿ ನೀರನ್ನು ಒದಗಿಸಿತು. ಅದೇ ನದಿ, 1967ರಲ್ಲಿ ಅಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಿಗೆ ಹೆಸರನ್ನು ಕೊಟ್ಟಿತು. ಅರ್ಕಾ ವಿಕಾಸ್ ಟೊಮೆಟೊ, ಅರ್ಕಾ ಕಲ್ಯಾಣ್ ಈರುಳ್ಳಿ, ಅರ್ಕಾ ಲೋಹಿತ್ ಮೆಣಸಿನಕಾಯಿ, ಅರ್ಕಾ ಮಾಣಿಕ್ ಕಲ್ಲಂಗಡಿ ಮುಂತಾದವುಗಳ ಪೂರ್ವಪದ ಆ ನದಿಯದು. ಬಿಹಾರದ ಪೂಸಾದಲ್ಲಿ 1905ರಲ್ಲಿ ಆರಂಭವಾಗಿದ್ದ ಕೃಷಿ ಸಂಶೋಧನಾ ಸಂಸ್ಥೆಯು 1934ರ ಭೂಕಂಪದಲ್ಲಿ ಹಾನಿಗೊಂಡು 1936ರಲ್ಲಿ ದೆಹಲಿಗೆ ಹೋದಾಗ ಊರಿನ ಹೆಸರೂ ಜೊತೆಗೆ ಹೋಗಿ, ದೆಹಲಿಯ ತಳಿಗಳು ಇಂದಿಗೂ ಪೂಸಾ ಎಂದೇ ಕರೆಸಿಕೊಳ್ಳುತ್ತಿರುವುದನ್ನು ನೆನೆದರೆ, ತಳಿಯ ಹೆಸರು ಹುಟ್ಟಿದೂರಿನ ಗುರುತನ್ನು ಎಷ್ಟು ದೂರ ಹೊರಬಲ್ಲದೆಂಬುದು ತಿಳಿಯುತ್ತದೆ.

ಹೆಸರಘಟ್ಟದ ತಳಿಗಳಲ್ಲಿ ಬೆಂಡೆಯ ಅರ್ಕಾ ಅನಾಮಿಕಾ ವಿಶೇಷವಾದುದು. ಬೆಂಡೆಯನ್ನು ಅದರ ಕಾಡುಬಂಧುವೊಂದರೊಡನೆ ಸಂಕರ ಮಾಡಿ, ಎಲೆಯ ನರಗಳು ಹಳದಿಗಟ್ಟುವ ನಂಜುರೋಗವನ್ನು ತಡೆಯುವ ಗುಣವನ್ನು ಅದರಿಂದ ತಂದು ರೂಪಿಸಿದ ಈ ತಳಿ, 'ಹೆಸರಿಲ್ಲದವಳು' ಎಂಬ ಅರ್ಥದ ಹೆಸರನ್ನೇ ಹೊತ್ತು ದೂರದೂರದ ಹೊಲಗಳಲ್ಲಿ ಹೆಸರಾಯಿತು.

ಆ ತಳಿ ರೂಪುಗೊಂಡ ಕಾಲಕ್ಕೆ ತಳಿಯ ಒಡೆತನವೆಂಬುದು ಭಾರತದ ಕಾನೂನಿನಲ್ಲಿ ಇರಲಿಲ್ಲ. 1966ರ ಬೀಜ ಕಾಯ್ದೆಯು ಮಾರಾಟದ ಬೀಜದ ಗುಣಮಟ್ಟವನ್ನಷ್ಟೇ ನೋಡುತ್ತಿತ್ತು, 1970ರ ಪೇಟೆಂಟ್ ಕಾಯ್ದೆಯು ಕೃಷಿ ಮತ್ತು ತೋಟಗಾರಿಕೆಯ ವಿಧಾನಗಳನ್ನು ಹೊರಗಿಟ್ಟಿತ್ತು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು, ನೋಂದಾಯಿತ ತಳಿಯನ್ನು ಉತ್ಪಾದಿಸುವ, ಮಾರುವ ಮತ್ತು ಇತರರಿಗೆ ಅದರ ಪರವಾನಗಿ ನೀಡುವ ಹಕ್ಕನ್ನು ತಳಿಗಾರರಿಗೆ, ಅಂದರೆ ತಳಿಯನ್ನು ರೂಪಿಸಿದವರಿಗೆ, ಮರ ಮತ್ತು ಬಳ್ಳಿಗಳಲ್ಲಿ 18 ವರ್ಷ ಮತ್ತು ಇತರ ಬೆಳೆಗಳಲ್ಲಿ 15 ವರ್ಷಗಳವರೆಗೆ ಕೊಟ್ಟಿತು. ಆದರೆ ಅದರ 39ನೆಯ ಪ್ರಕರಣದಂತೆ ರೈತನು ಅಂಥ ತಳಿಯ ಬೀಜವನ್ನೂ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವರೊಡನೆ ಹಂಚಿಕೊಳ್ಳಬಹುದು, ಮಾರಲೂಬಹುದು; ಪೊಟ್ಟಣ ಕಟ್ಟಿ, ಇದು ಆ ಸಂರಕ್ಷಿತ ತಳಿಯೆಂದು ಚೀಟಿ ಅಂಟಿಸಿ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ. 30ನೆಯ ಪ್ರಕರಣವು ನೋಂದಾಯಿತ ತಳಿಯಿಂದ ಹೊಸ ತಳಿಯನ್ನು ರೂಪಿಸಲು ಸಂಶೋಧಕರಿಗೆ ಅನುಮತಿ ಕೊಟ್ಟು, ಅದನ್ನು ಮತ್ತೆ ಮತ್ತೆ ಜನಕ ಸಾಲಾಗಿ, ಅಂದರೆ ಸಂಕರದ ತಂದೆ ಅಥವಾ ತಾಯಿ ಗಿಡವಾಗಿ, ಬಳಸಬೇಕಾದರೆ ತಳಿಗಾರರ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ.

ವಸ್ತುವಿನ ಹಕ್ಕನ್ನೂ ಹೆಸರಿನ ಹಕ್ಕನ್ನೂ ಹೀಗೆ ಬೇರ್ಪಡಿಸುವ ಕ್ರಮ ಮುಕ್ತ ತಂತ್ರಾಂಶದಲ್ಲೂ ಇದೆ. ಮುಕ್ತ ತಂತ್ರಾಂಶವೆಂದರೆ, ಪ್ರೋಗ್ರಾಮರ್ ಬರೆದ ಮೂಲಪಠ್ಯವಾದ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಿ, ತಿದ್ದಿ, ಬೇರೆ ಯಂತ್ರಕ್ಕೆ ಹೊಂದಿಸಿ ಹಂಚಬಹುದಾದ ತಂತ್ರಾಂಶ. ಈ ಸ್ವಾತಂತ್ರ್ಯ ಹೆಸರಿಗೂ ಅನ್ವಯಿಸಬೇಕೆಂದಿಲ್ಲ: ತನ್ನ ಒಪ್ಪಿಗೆಯಿಲ್ಲದೆ ತಿದ್ದಿದ, ಅಂತರ್ಜಾಲ ನೋಡುವ ತಂತ್ರಾಂಶವಾದ ಫೈರ್‌ಫಾಕ್ಸ್‌ಗೆ ಅದೇ ಹೆಸರನ್ನು ಬಳಸಬಾರದೆಂದು ಅದನ್ನು ರೂಪಿಸಿದ ಮೊಝಿಲ್ಲಾ ಸಂಸ್ಥೆ 2006ರಲ್ಲಿ ಆಕ್ಷೇಪಿಸಿದಾಗ, ಮುಕ್ತ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ಡೆಬಿಯನ್ ಬಳಗವು ಅದನ್ನು ಐಸ್‌ವೀಸಲ್ ಎಂದು ಕರೆದು ಹಂಚಿತು, ಹಳೆಯ ಹೆಸರು ಮರಳಿದ್ದು 2016ರಲ್ಲಿ. ಹೆಸರಿನ ಮೇಲಿನ ಈ ಬಿಗಿ ನ್ಯಾಯವಾದುದೇ, ಏಕೆಂದರೆ ಬೀಜ ನೋಡಿ ತಳಿಯನ್ನು ಗುರುತಿಸಲಾಗದ ರೈತನಿಗೆ ಚೀಟಿಯ ಮೇಲಿನ ಹೆಸರೊಂದೇ ಆಧಾರ, ಅದು ಸುಳ್ಳಾದರೆ ಇಡೀ ಹಂಗಾಮೇ ಹಾಳು.

ನಿಜವಾದ ತೊಡಕಿರುವುದು ಸಂಕರ ತಳಿಗಳಲ್ಲಿ. ಎಲೆ ಮುಟುರು ನಂಜು, ದುಂಡಾಣು ಸೊರಗು ಮತ್ತು ಎಲೆ ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆಯುವ ಅರ್ಕಾ ರಕ್ಷಕ್ ಟೊಮೆಟೊ ರೈತರಿಗೆ ದೊಡ್ಡ ಕೊಡುಗೆಯೇ ಸರಿ. ಆದರೆ ಸಂಕರದ ಮೊದಲ ಪೀಳಿಗೆಯಾದ ಅದರ ಹಣ್ಣಿನಿಂದ ತೆಗೆದ ಬೀಜ ಅದೇ ಗುಣದ ಗಿಡವನ್ನು ಕೊಡುವುದಿಲ್ಲ, ಅದನ್ನು ಮತ್ತೆ ಉಂಟುಮಾಡಬಲ್ಲ ಜನಕ ಸಾಲುಗಳು ರೈತನ ಕೈಯಲ್ಲಿರುವುದಿಲ್ಲ. ಸೋರ್ಸ್ ಕೋಡ್ ಇಲ್ಲದೆ ಬಂದ ತಂತ್ರಾಂಶದ ಸ್ಥಿತಿಯೂ ಇದೇ. 39ನೆಯ ಪ್ರಕರಣ ಕೊಟ್ಟ ಹಕ್ಕು ಇಲ್ಲಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಆದ್ದರಿಂದ, ಸಾರ್ವಜನಿಕ ಹಣದಲ್ಲಿ ರೂಪುಗೊಂಡ ಅನಾಮಿಕಾ, ವಿಕಾಸ್‌ಗಳಂಥ, ಬೀಜ ಉಳಿಸಿಕೊಳ್ಳಬಹುದಾದ ತಳಿಗಳ ಶುದ್ಧ ಬೀಜ ಹೆಸರಘಟ್ಟದಲ್ಲಿ ಎಂದೂ ಕೊರತೆಯಾಗದಂತೆ ನೋಡಿಕೊಳ್ಳಬೇಕು.