ಕಡಜದ ಗೂಡು

ಕಡಜ ಅಥವಾ ಕಣಜದ ಹುಳ, ಜೇನು ಮತ್ತು ಇರುವೆಗಳಂತೆ ಹೈಮನಾಪ್ಟೆರ ಗಣಕ್ಕೆ ಸೇರಿದ ಸಣ್ಣ ಸೊಂಟದ ಕೀಟ. ಹಾವೇರಿ ಜಿಲ್ಲೆಯ ಮಾಸೂರಿನಂಥ ಊರಲ್ಲಿ ಅದಕ್ಕೆ ಗೂಡು ಕಟ್ಟಲು ಜಾಗದ ಕೊರತೆಯಿಲ್ಲ. ಗುಡ್ಡಗಳ ನಡುವೆ ಕುಮುದ್ವತಿ ನದಿಯ ನೀರು ನಿಂತ ಮದಗದ ಕೆರೆ, ಅದರ ಆಸುಪಾಸಿನ ಕುರುಚಲು ಕಾಡು, ಅದಕ್ಕೆ ಹೊಂದಿಕೊಂಡ ಗೋವಿನಜೋಳದ ಹೊಲ, ಅಡಕೆ ತೋಟ: ನೀರು, ನಾರು, ಬೇಟೆ ಮೂರೂ ಕೈಗೆಟಕುವಷ್ಟು ಹತ್ತಿರ. ಹಂಚಿನ ಮನೆಯ ಸೂರು, ದನದ ಕೊಟ್ಟಿಗೆ, ಪಂಪ್‌ಸೆಟ್ಟಿನ ಪೆಟ್ಟಿಗೆ, ಬೇಲಿಯ ಪೊದೆ, ಹಾಳುಬಿದ್ದ ಹುತ್ತ ಎಲ್ಲೆಲ್ಲೂ ಗೂಡು ಕಾಣಬಹುದು. ಇವುಗಳಲ್ಲಿ ಹೆಚ್ಚಿನವನ್ನು ಮುಟ್ಟದೆ ಬಿಡುವುದೇ ಸರಿ. ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಸಬೇಕು ಎಂಬುದು ಹುಳ ಯಾವುದು, ಗೂಡು ಎಲ್ಲಿದೆ ಎಂಬ ಎರಡರ ಮೇಲೆ ನಿಂತಿದೆ.

ಗೋಡೆಯ ಮೂಲೆ, ಫೋಟೋದ ಹಿಂಬದಿ, ಬೀಗದ ತೂತುಗಳಲ್ಲಿ ಮಣ್ಣು ಮೆತ್ತುವ ಕುಂಬಾರ ಹುಳಕ್ಕೆ ಹೆದರಬೇಕಾಗಿಲ್ಲ. ಇದು ಒಂಟಿ ಜೀವಿ. ಹೆಣ್ಣುಹುಳವೊಂದೇ ಮಣ್ಣಿನ ಕೋಣೆ ಕಟ್ಟಿ, ಕುಟುಕಿ ನಿಶ್ಚಲಗೊಳಿಸಿದ ಜೇಡಗಳನ್ನು ಅದರೊಳಗೆ ತುಂಬಿ, ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಕತ್ತಿರುವ ಪುಟ್ಟ ಗಡಿಗೆಯಂತೆ ಗೂಡು ಮಾಡುವ ಇನ್ನೊಂದು ಗುಂಪು ಜೇಡದ ಬದಲು ಕಂಬಳಿಹುಳಗಳನ್ನು ತುಂಬುತ್ತದೆ. ಗೂಡನ್ನು ಕಾಯುವ ಪಡೆ ಇವಕ್ಕಿಲ್ಲ. ಕೈಯಲ್ಲಿ ಹಿಡಿದು ಅದುಮಿದರೆ ಮಾತ್ರ ಕುಟುಕಬಹುದು. ಬೇಡವೆನಿಸಿದರೆ ಮಣ್ಣನ್ನು ಕೆರೆದು ತೆಗೆದರೆ ಸಾಕು.

ಸೂರಿನಡಿ, ಕಿಟಕಿಯ ಮೇಲೆ ಬೂದುಬಣ್ಣದ ಕಾಗದದಂಥ ಗೂಡು ಕಟ್ಟುವ ಸಣ್ಣ ಕಡಜಗಳಲ್ಲಿ ರೋಪಾಲಿಡಿಯಾ ಮಾರ್ಜಿನೇಟ ದಕ್ಷಿಣ ಭಾರತದಲ್ಲಿ ಬಹಳ ಸಾಮಾನ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ಅಭ್ಯಾಸ ಮಾಡಿ, 2001ರಲ್ಲಿ ಗ್ರಂಥ ಬರೆದದ್ದು ಇದೇ ಹುಳದ ಮೇಲೆ. ಅಗಿದ ಸಸ್ಯನಾರಿಗೆ ಜೊಲ್ಲು ಬೆರೆಸಿ ಮಾಡಿದ ಇದರ ಗೂಡಿಗೆ ಹೊದಿಕೆಯಿಲ್ಲ. ಕೆಳಗಿನಿಂದ ನೋಡಿದರೆ ಆರು ಮೂಲೆಯ ಕೋಣೆಗಳೂ ಅವುಗಳೊಳಗಿನ ಬಿಳಿ ಮರಿಗಳೂ ಕಾಣುತ್ತವೆ. ಇಡೀ ಗೂಡು ತೆಳುವಾದೊಂದು ತೊಟ್ಟಿನಿಂದ ನೇತಾಡುತ್ತದೆ. ಇರುವೆ ಹತ್ತಿ ಬರಲು ಇರುವುದು ಆ ತೊಟ್ಟೊಂದೇ ದಾರಿಯಾದ್ದರಿಂದ, ಹೆಣ್ಣುಹುಳ ತನ್ನ ಹೊಟ್ಟೆಯ ತುದಿಯನ್ನು ಅದಕ್ಕೆ ಉಜ್ಜಿ ಇರುವೆಗೆ ಹಿಡಿಸದ ದ್ರವ ಸವರುತ್ತದೆ. ಇದರ ರಾಣಿ ಸಾಧು ಸ್ವಭಾವದ್ದು. ರಾಣಿ ಇಲ್ಲವಾದರೆ ಕೆಲಸದ ಹೆಣ್ಣುಗಳಲ್ಲೊಂದು ಕೂಡಲೇ ಜೋರು ಮಾಡತೊಡಗಿ, ಸುಮಾರು ಒಂದು ವಾರದಲ್ಲಿ ತಾನೇ ಮೊಟ್ಟೆಯಿಡುವ ರಾಣಿಯಾಗುತ್ತದೆ. ಹೀಗಾಗಿ ಕಂಡ ಒಂದೆರಡು ಹುಳ ಹೊಡೆದ ಮಾತ್ರಕ್ಕೆ ಗೂಡು ಬರಿದಾಗುವುದಿಲ್ಲ. ತಲೆ ತಾಗದ ಎತ್ತರದಲ್ಲಿದ್ದರೆ ಇದರಿಂದ ತೊಂದರೆಯೂ ಇಲ್ಲ.

ನಿಜವಾದ ಎಚ್ಚರ ಬೇಕಾದದ್ದು ವೆಸ್ಪ ಕುಲದ ದೊಡ್ಡ ಕಡಜಗಳ ವಿಷಯದಲ್ಲಿ. ಎರಡು ಮೂರು ಸೆಂಟಿಮೀಟರ್ ಉದ್ದದ, ಕಪ್ಪು ಹೊಟ್ಟೆಗೆ ಅಗಲವಾದ ಹಳದಿ ಪಟ್ಟಿಯುಳ್ಳ ಎರಡು ಜಾತಿಗಳು ನೋಟಕ್ಕೆ ಒಂದೇ ಥರ. ವೆಸ್ಪ ಅಫಿನಿಸ್‌ನಲ್ಲಿ ಹೊಟ್ಟೆಯ ಮೊದಲ ಎರಡು ಭಾಗಗಳೂ ಹಳದಿ. ವೆಸ್ಪ ಟ್ರಾಪಿಕದಲ್ಲಿ ಎರಡನೆಯದು ಮಾತ್ರ. ಮೊದಲನೆಯದು ಮರ, ಪೊದೆ, ಕಟ್ಟಡಗಳಲ್ಲಿ ಪದರಪದರವಾದ ಕಾಗದದ ಹೊದಿಕೆಯ ದೊಡ್ಡ ಗೂಡು ಕಟ್ಟುತ್ತದೆ; ಒಳಗೆ ಅಟ್ಟಗಳಂತೆ ಹಲವು ತಟ್ಟೆಗಳಿರುತ್ತವೆ. ಎರಡನೆಯದು ನೆಲದ ಬಿಲ, ಪೊಟರೆಗಳಲ್ಲಿ ಅಡಗಿರುವುದರಿಂದ ದನದ ಕಾಲು ಅಥವಾ ಗುದ್ದಲಿ ತಾಗುವವರೆಗೂ ಗೊತ್ತಾಗದೆ ಹೋಗಬಹುದು. ಸಣ್ಣ ಕಡಜದ ದೊಡ್ಡ ಶತ್ರುವೂ ಇದೇ. ಇದು ಬಂದೊಡನೆ ಸಣ್ಣ ಕಡಜಗಳು ಗೂಡು ಬಿಟ್ಟು ಚದುರುತ್ತವೆ; ದೊಡ್ಡದು ಕೋಣೆಗಳನ್ನು ಹರಿದು ಮರಿಗಳನ್ನು ಹೊತ್ತುಕೊಂಡು ಹೋಗುತ್ತದೆ. ತುಡುವೆ ಜೇನಿನ ಪೆಟ್ಟಿಗೆಗೂ ದೊಡ್ಡ ಕಡಜಗಳ ಕಾಟವುಂಟು. ಪೆಟ್ಟಿಗೆಯ ಬಾಗಿಲನ್ನು ಜೇನುಹುಳ ಮಾತ್ರ ನುಸುಳುವಷ್ಟು ಕಿರಿದು ಮಾಡುವುದು ಸುಲಭದ ರಕ್ಷಣೆ.

ಹೆಜ್ಜೇನನ್ನು ಕಡಜವೆಂದು ತಿಳಿಯುವುದು ಅಪಾಯಕರ. ಹೆಜ್ಜೇನಿನದು ಹೊದಿಕೆಯಿಲ್ಲದ, ಹುಳಗಳೇ ಮುಚ್ಚಿಕೊಂಡಿರುವ ಒಂದೇ ದೊಡ್ಡ ಮೇಣದ ಹಲ್ಲೆ. ಅದನ್ನು ಇಳಿಸುವುದು ನುರಿತ ಜೇನು ಬಿಡಿಸುವವರ ಕೆಲಸ.

ಬೆಳೆಗಾರನಿಗೆ ಕಡಜದಿಂದ ಆಗುವ ಉಪಕಾರ ಸಣ್ಣದಲ್ಲ. ಬೆಳೆದ ಹುಳ ಹೂವಿನ ಮಕರಂದ ಕುಡಿದರೂ ಮರಿಗಳಿಗೆ ಮಾಂಸ ಬೇಕು. ಅದಕ್ಕಾಗಿ ಎಲೆ ತಿನ್ನುವ ಹುಳುಗಳನ್ನು ಹಿಡಿದು, ಅಗಿದು, ಉಂಡೆ ಕಟ್ಟಿ ಒಯ್ಯುತ್ತದೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಮಾಸೂರಿಗೆ ನೆರೆಯಾದ ಶಿವಮೊಗ್ಗ ಜಿಲ್ಲೆಯ ಗೋವಿನಜೋಳದಲ್ಲಿ. ಅಂದಿನಿಂದ ಈ ಬೆಳೆಗೆ ಔಷಧಿಯ ಖರ್ಚು ತಪ್ಪಿದ್ದಲ್ಲ. ಹೊಲದ ಬದುವಿನ ಕಡಜಗಳು ಆ ಕೀಡೆಯನ್ನು ಪೂರ್ತಿ ಹತೋಟಿಗೆ ತಾರವು. ಆದರೆ ಕೂಲಿಯಿಲ್ಲದೆ ದಿನವಿಡೀ ಬೇಟೆಯಾಡುವ ಹುಳವನ್ನು ಸುಮ್ಮನೆ ಸುಡುವುದು ನಷ್ಟವೇ.

ಮನೆಬಾಗಿಲು, ನಡೆಯುವ ದಾರಿ, ಶಾಲೆ, ಕೊಟ್ಟಿಗೆಗೆ ಹತ್ತಿರವಿರುವ ದೊಡ್ಡ ಕಡಜದ ಗೂಡನ್ನು ಮಾತ್ರ ತೆಗೆಸಲೇಬೇಕು. ಸಾಮಾನ್ಯವಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ಗೂಡು ದೊಡ್ಡದಾಗಿ ಹುಳ ಹೆಚ್ಚಿರುತ್ತದೆ. ಗೋವಿನಜೋಳ ಮುರಿಯುವ, ಸೊಪ್ಪೆ ಕೊಯ್ಯುವ ಕೆಲಸವೂ ಆಗಲೇ ಬರುವುದರಿಂದ ಕುಡುಗೋಲು ಹಾಕುವ ಮುನ್ನ ಬೇಲಿ, ಬದುಗಳನ್ನು ದೂರದಿಂದ ಗಮನಿಸುವುದು ಒಳ್ಳೆಯದು. ಹುಳಗಳು ಒಂದೇ ಕಡೆ ಹೋಗಿಬರುತ್ತಿದ್ದರೆ ಅಲ್ಲಿ ಗೂಡಿದೆ. ತೆಗೆಯುವ ಕೆಲಸ ಕತ್ತಲಾಗಿ ಹುಳಗಳೆಲ್ಲ ಒಳಸೇರಿದ ಮೇಲೆ, ದಪ್ಪ ಬಟ್ಟೆ, ಮುಖಕ್ಕೆ ಜಾಲರಿ, ಕೈಗವಸು ತೊಟ್ಟ ಅನುಭವಿಯಿಂದ ಆಗಬೇಕು. ಕೆಂಪು ಬೆಳಕನ್ನು ಕಡಜಗಳು ಸರಿಯಾಗಿ ಕಾಣವು, ಆದ್ದರಿಂದ ದೀಪ ಕೆಂಪಾಗಿರಲಿ. ಬಿಳಿ ಟಾರ್ಚ್ ಕೈಯಲ್ಲಿದ್ದರೆ ಕೆರಳಿದ ಹುಳ ನೇರ ಅದರತ್ತಲೇ ನುಗ್ಗುತ್ತದೆ. ಡೆಲ್ಟಾಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಔಷಧಿಯನ್ನು ಗೂಡಿನ ಬಾಯಿಗೆ ಬಿಟ್ಟು, ಹುಳ ಸತ್ತದ್ದು ಖಚಿತವಾದ ಮೇಲೆ ಗೂಡನ್ನು ಇಳಿಸುವುದು ಕ್ರಮ. ಪಂಜು ಹಿಡಿದು ಸುಡುವ ರೂಢಿ ಬಿಡಬೇಕಾದದ್ದು. ಹತ್ತಿರದ ಬಣವೆಗೂ ಮನೆಯ ಜಂತಿಗೂ ಬೆಂಕಿ ತಾಗುತ್ತದೆ, ಬದುಕುಳಿದ ಹುಳಗಳು ಕಂಡವರ ಮೇಲೆ ಎರಗುತ್ತವೆ. ಬಿಲಕ್ಕೆ ಸೀಮೆಎಣ್ಣೆ ಸುರಿಯುವುದು ಮಣ್ಣನ್ನೂ ಬಾವಿಯ ನೀರನ್ನೂ ಕೆಡಿಸುತ್ತದೆ. ಕಲ್ಲು ಹೊಡೆಯದಂತೆ ಮಕ್ಕಳಿಗೆ ಮೊದಲೇ ಹೇಳಿಡಬೇಕು. ಗಂಡುಹುಳಕ್ಕೆ ಮುಳ್ಳಿಲ್ಲ, ಹೆಣ್ಣಿನ ಮುಳ್ಳಿಗೆ ಜೇನಿನ ಮುಳ್ಳಿನಂತೆ ಚರ್ಮದಲ್ಲಿ ಸಿಕ್ಕಿಬೀಳುವ ಕೊಂಡಿಗಳಿಲ್ಲ. ಹೀಗಾಗಿ ಒಂದೇ ಹುಳ ಮತ್ತೆ ಮತ್ತೆ ಕುಟುಕಬಲ್ಲದು. ಅದನ್ನು ಅಲ್ಲೇ ಹೊಸಕಿದರೆ ವಿಷದ ವಾಸನೆ ಉಳಿದವನ್ನು ಕರೆಯುತ್ತದೆ. ಅಟ್ಟಿಸಿಕೊಂಡು ಬಂದಾಗ ತಲೆಮುಖ ಮುಚ್ಚಿಕೊಂಡು ಮನೆಯೊಳಕ್ಕೋ ವಾಹನದೊಳಕ್ಕೋ ಓಡುವುದೇ ಉಪಾಯ.

ಒಂದೆರಡು ಕುಟುಕಿಗೆ ಆ ಜಾಗವನ್ನು ಸೋಪಿನಲ್ಲಿ ತೊಳೆದು ತಣ್ಣೀರಿನ ಬಟ್ಟೆ ಕಟ್ಟಿದರೆ ನೋವು, ಬಾವು ಇಳಿಯುತ್ತವೆ. ಉಂಗುರ, ಬಳೆಗಳನ್ನು ಬಾವು ಏರುವ ಮುಂಚೆಯೇ ತೆಗೆಯಬೇಕು. ಮೈಯೆಲ್ಲ ದದ್ದು, ತುಟಿ ಅಥವಾ ಗಂಟಲ ಬಾವು, ಉಬ್ಬಸ, ತಲೆಸುತ್ತು ಕಂಡರೆ ಅದು ತೀವ್ರ ಅಲರ್ಜಿ. ಒಂದೇ ಕುಟುಕಿನಿಂದಲೂ ಪ್ರಾಣ ಹೋಗಬಹುದು. ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಆಗ ಮುಖ್ಯ ಚಿಕಿತ್ಸೆ. ಸುಣ್ಣ ಹಚ್ಚಿ ಕಾಯದೆ 108ಕ್ಕೆ ಕರೆ ಮಾಡಬೇಕು. ದೊಡ್ಡ ಕಡಜಗಳು ಹಿಂಡಾಗಿ ಕುಟುಕಿದಾಗ ಅಲರ್ಜಿ ಇಲ್ಲದವರಲ್ಲೂ ವಿಷ ಸ್ನಾಯುಗಳನ್ನೂ ರಕ್ತಕಣಗಳನ್ನೂ ಒಡೆದು ಮೂತ್ರಪಿಂಡಗಳನ್ನು ಕೆಡಿಸಬಹುದು. ಇದು ಕೂಡಲೇ ಕಾಣಿಸದೆ, ಚಹಾದ ಬಣ್ಣದ ಮೂತ್ರ ಅಥವಾ ಮೂತ್ರ ಕಡಿಮೆಯಾಗುವ ಮೂಲಕ ಒಂದೆರಡು ದಿನದಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಹಿಂಡಿಗೆ ಸಿಕ್ಕವರನ್ನು, ಮುಖ್ಯವಾಗಿ ಮಕ್ಕಳು ಮತ್ತು ವಯಸ್ಸಾದವರನ್ನು, ನೋವು ಇಳಿದಿದೆ ಎಂದು ಮನೆಗೆ ಕರೆತರದೆ ಆಸ್ಪತ್ರೆಯಲ್ಲೇ ಇರಿಸಿ ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕಾಗುತ್ತದೆ.